ನೀರಲ್ಲಿಡಬೇಕಾದ ಹಲ್ಲು, ನೀರು ಕಾಣಬಾರದ ಮೀನು

ಮದುವೆಯಾಗಿ ಕುಂದಾಪುರದ ಮನೆಗೆ ಬಂದ ವಾರದಲ್ಲೇ ನಾನೊಂದು ಕುಕ್ಕರಿನ ಮುಚ್ಚಳ ತೆಗೆದೆ. ಹಿತ್ತಿಲ ಜಗಲಿಯ ಒಲೆಯ ಮೇಲೆ ಅದು ಸದ್ದಿಲ್ಲದೆ ಕೂತಿತ್ತು. ಸೀಟಿ ಇಲ್ಲ, ಮುಚ್ಚಳಕ್ಕೆ ರಬ್ಬರೂ ಇಲ್ಲ. ಪಾಪ, ಅತ್ತೆ ಮರೆತಿದ್ದಾರೆ ಎಂದುಕೊಂಡು ಹೊಸ ಸೊಸೆಯ ಉತ್ಸಾಹದಲ್ಲಿ ಸಹಾಯಕ್ಕೆ ಹೊರಟೆ. ಒಳಗೆ ಅನ್ನವಿರಲಿಲ್ಲ. ಕಬ್ಬಿಣದ ಪಟ್ಟಿಯಲ್ಲಿ ಬಿಗಿದ ಹಿತ್ತಾಳೆಯ ಡಬ್ಬಿಗಳು ಬಿಸಿನೀರಿನಲ್ಲಿ ಮುಳುಗಿದ್ದವು. ಈ ಊರಿನ ಯಾವುದೋ ಬಗೆಯ ಕಡುಬಿರಬೇಕು ಎಂದು ಇಕ್ಕಳದಲ್ಲಿ ಒಂದನ್ನು ಎತ್ತಿದೆ.

"ಹ್ವಾಯ್, ಮುಟ್ಬ್ಯಾಡ ಮಾರಾಯ್ತಿ! ಅದ್ರಗೆ ತಲ್ಲೂರ್ ಮಾಸ್ಟ್ರ ಹಲ್ಲಿತ್ತ್!" ಎಂದು ಪಕ್ಕದ ಕೋಣೆಯಿಂದ ಭಾವ ಓಡಿ ಬಂದರು.

ಭಾವ ಎಂದರೆ ನನ್ನ ಗಂಡನ ಅಣ್ಣ. ಮುಂಬೈಯಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಕಲಿತು, ಊರಿಗೆ ಮರಳಿ, ಮನೆಯ ಪಕ್ಕದ ಕೋಣೆಯಲ್ಲೇ ಲ್ಯಾಬು ಇಟ್ಟುಕೊಂಡಿದ್ದರು. ಹಲ್ಲಿನ ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದರ ಮೇಲೆ ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಜೋಡಿಸಿ, ಡಬ್ಬಿಯೊಳಗೆ ಪ್ಲಾಸ್ಟರಿನಲ್ಲಿ ಹೂಳಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಬೇಯಿಸುತ್ತೇವೆ. ನಾನು ಎತ್ತಿದ್ದು ಆ ಡಬ್ಬಿಯನ್ನು.

ಹೀಗೆ ಒಂದು ತಪ್ಪು ಕಡುಬಿನಿಂದ ಶುರುವಾದ ಕೆಲಸ ಕಣ್ಣಿಗೆ ಪೊರೆ ಬರುವ ತನಕ ನಡೆಯಿತು. ಜನಗಣತಿಗೆ ಬಂದವರು ಬಾಗಿಲಲ್ಲಿ ನಿಂತು "ನಿಮ್ಮ ಉದ್ಯೋಗ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ "ಗೃಹಿಣಿ" ಎಂದು ಬರೆದುಕೊಂಡು ಹೋಗುವಾಗ ನನ್ನ ಕೈಯಲ್ಲಿ ಯಾರದೋ ಮೇಲ್ದವಡೆ ಇರುತ್ತಿತ್ತು. ಅವರು ಬರೆದದ್ದೂ ಸುಳ್ಳಲ್ಲ ಬಿಡಿ. ಬೆಳಿಗ್ಗೆ ದೋಸೆ, ಆಮೇಲೆ ದವಡೆ. ಈಗ ಸಿದ್ದಾಪುರದಿಂದ ಬಸ್ಸಿನಲ್ಲಿ ಬರುವ ರಶ್ಮಿ ಲ್ಯಾಬು ನೋಡಿಕೊಳ್ಳುತ್ತಾಳೆ. "ಆಂಟಿ, ಪುಸ್ತಕದಗೆ ಇಲ್ಲದ್ದನ್ನ ಬರ್ದ್ ಕೊಡಿ" ಎಂದು ಬೆನ್ನು ಹತ್ತಿದ್ದಾಳೆ. ಬರೆಯುತ್ತೇನೆ. ಆದರೆ ಅಕ್ರಿಲಿಕ್ಕಿನ ಗುಣಾವಗುಣಗಳನ್ನು ನನಗೆ ನಿಜವಾಗಿ ಕಲಿಸಿದ್ದು ಬೀಜಾಡಿಯ ಪದ್ದಕ್ಕ ಎಂಬ ಒಣಮೀನು ಮಾರುವ ಹೆಂಗಸು. ಅವರ ತನಕ ಬರಲು ನಾನು ಸ್ವಲ್ಪ ಪುಡಿ ಕಲಸಬೇಕು.

ಪುಡಿ, ಅದಕ್ಕೊಂದು ಲಿಕ್ವಿಡ್. ಎರಡೇ ಸಾಮಾನು. ಲಿಕ್ವಿಡ್ಡಿನ ವಾಸನೆ ಮೂಗಿಗೆ ಹೊಕ್ಕರೆ ಮೀನು ಸಾರಿಗೂ ಬಗ್ಗುವುದಿಲ್ಲ. ಬೆರೆಸಿದ ಕೂಡಲೇ ಅದು ಒದ್ದೆ ರವೆಯ ಹಾಗೆ ಇರುತ್ತದೆ. ಮುಟ್ಟಬೇಡಿ. ಸ್ವಲ್ಪ ಹೊತ್ತಿಗೆ ಹಲಸಿನ ಹಣ್ಣು ಕೊಯ್ದಾಗಿನ ಮೇಣದಂತೆ ಎಳೆ ಎಳೆ. ಆಗಲೂ ಮುಟ್ಟಬೇಡಿ, ಬೆರಳು ಬಿಡುವುದಿಲ್ಲ. ಮತ್ತೆ ಇದ್ದಕ್ಕಿದ್ದಂತೆ, ಹಠ ಮಾಡುತ್ತಿದ್ದ ಮಗು ಸುಮ್ಮನಾದ ಹಾಗೆ, ಪಾತ್ರೆಯ ಅಂಚು ಬಿಟ್ಟು ಮೆತ್ತಗೆ ಒಂದು ಉಂಡೆಯಾಗುತ್ತದೆ. ಅಕ್ಕಿರೊಟ್ಟಿ ತಟ್ಟುವ ಹದ. ಈಗ ಡಬ್ಬಿಗೆ ತುಂಬಿ ಒತ್ತಬೇಕು. ಫೋನು ಬಂತು ಎಂದು ಎದ್ದು ಹೋದಿರೋ, ಬರುವಷ್ಟರಲ್ಲಿ ಚಪ್ಪಲಿಯ ಅಟ್ಟೆ! ನನ್ನ ತವರಿನವರಿಗೆಲ್ಲ ಈಗಲೂ ಬೇಸರವಿದೆ, ನಾನು ಫೋನು ಎತ್ತುವುದಿಲ್ಲ ಎಂದು.

ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದ ಸಿಸ್ಟರ್ ಒಬ್ಬರಿದ್ದರು. ನಾವು ಹೂವು, ನವಿಲು ಹಾಕಿ ಹೆಮ್ಮೆಯಿಂದ ಹಿಡಿದರೆ, ಅವರು ಬಟ್ಟೆಯನ್ನು ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದರು. ಹಲ್ಲಿನ ಸೆಟ್ಟನ್ನೂ ಹಾಗೆಯೇ ನೋಡಿ. ಮುಂಬದಿ ಊರವರಿಗೆ, ಹಿಂಬದಿ ವಸಡಿಗೆ. ವಸಡಿಗೆ ಸುಳ್ಳು ಹೇಳಲು ಆಗುವುದಿಲ್ಲ. ಕೂದಲೆಳೆಯಷ್ಟು ಡೊಂಕು ಅದಕ್ಕೆ ಹಗ್ಗದಷ್ಟು.

ಮಾತಿನ ಪರೀಕ್ಷೆಗೆ ಭಾವನದೇ ಒಂದು ಪದ್ಧತಿ ಇತ್ತು. ಮೇಣದಲ್ಲಿ ಹಲ್ಲು ಜೋಡಿಸಿದ ಮಾದರಿಯನ್ನು ವೈದ್ಯರು ಬಾಯಿಗೆ ಇಟ್ಟು ನೋಡುವಾಗ ಬಸ್ ಕಂಡಕ್ಟರನ ಹಾಗೆ ಊರುಗಳ ಹೆಸರು ಹೇಳಿಸಬೇಕು: "ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕೋಟೇಶ್ವರ." ಸಾಸ್ತಾನದಲ್ಲಿ ಸೀಟಿ ಬಂದರೆ ಮುಂದಿನ ಹಲ್ಲುಗಳನ್ನು ಸರಿಸಬೇಕು. ತೆಕ್ಕಟ್ಟೆಯಲ್ಲಿ ಹಲ್ಲಿಗೆ ಹಲ್ಲು ಬಡಿದರೆ ಎತ್ತರ ಜಾಸ್ತಿಯಾಗಿದೆ. ಕೋಟೇಶ್ವರ ಮುಟ್ಟುವ ತನಕ ಸೆಟ್ಟು ಜಾರದಿದ್ದರೆ ಅಡ್ಡಿಲ್ಲೆ. ನಮ್ಮ ಡಾಕ್ಟರಮ್ಮನ ಕ್ಲಿನಿಕ್ಕಿನ ಹೊರಗೆ ಕೂತವರಿಗೆ ಒಳಗಿನಿಂದ ಇಡೀ ದಿನ ಬಸ್ ನಿಲ್ದಾಣದ ಗದ್ದಲ ಕೇಳುತ್ತಿತ್ತು.

ಭಾವನಿಗೆ ಇದ್ದ ಒಂದೇ ರೋಗ ಮುಂಬೈಯಿಂದ ತಂದದ್ದು: ಜಲ್ದಿ. ಬ್ರಹ್ಮಾವರದ ಒಬ್ಬರಿಗೆ ಮಗಳ ನಿಶ್ಚಯ. ಸೆಟ್ಟು ಅದೇ ಸಂಜೆಗೆ ಬೇಕು. "ಫಟಾಫಟ್ ಮಾಡುವ" ಎಂದು ಭಾವ ಕುಕ್ಕರನ್ನು ದೊಡ್ಡ ಉರಿಯಲ್ಲಿ ಕುದಿಸಿದರು. ಆ ಲಿಕ್ವಿಡ್ಡು ಕುದಿಯುವುದು ನೀರು ಕುದಿಯುವ ಬಿಸಿಗಿಂತ ಒಂದು ಕೂದಲು ಮೇಲೆ ಅಷ್ಟೇ. ಅದರ ಮೇಲೆ, ಗಟ್ಟಿಯಾಗುವಾಗ ಅಕ್ರಿಲಿಕ್ ತನ್ನೊಳಗೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಹೊರಗಿನ ಅವಸರ, ಒಳಗಿನ ಸಿಟ್ಟು ಸೇರಿದರೆ ಏನಾಗುತ್ತದೆ? ಭಾವ ಡಬ್ಬಿ ಒಡೆದು ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಶಾಲಿನಿ, ಇದ್ ಹಲ್ಲಲ್ಲ ಮಾರಾಯ್ತಿ. ನೀರ್ ದೋಸಿ."

ದಪ್ಪ ಇದ್ದಲ್ಲೆಲ್ಲ ತೂತು ತೂತು. ಅತ್ತೆ ಬಂದು ಕಂಡು, "ಕಾಯಿಹಾಲ್ ಕೊಡ್ಲಾ?" ಎಂದರು. ಬ್ರಹ್ಮಾವರದವರು ನಿಶ್ಚಯದ ಎಲ್ಲ ಫೋಟೋದಲ್ಲೂ ಬಾಯಿ ಮುಚ್ಚಿ ಗಂಭೀರವಾಗಿ ಕೂತದ್ದರಿಂದ ಬೀಗರಿಗೆ ಅವರ ಮೇಲೆ ಭಾರೀ ಮರ್ಯಾದೆ ಹುಟ್ಟಿತಂತೆ. ಅಂದಿನಿಂದ ಒಲೆಯ ಉರಿ ನನ್ನ ಪಾಲಿಗೆ ಬಂತು. ಸಣ್ಣ ಉರಿ, ಉದ್ದ ಹೊತ್ತು, ಕೊನೆಗೆ ಮಾತ್ರ ಸ್ವಲ್ಪ ಕುದಿ, ಮತ್ತೆ ಅದೇ ನೀರಿನಲ್ಲಿ ತಾನಾಗಿ ತಣಿಯಬೇಕು. ತಣ್ಣೀರಿಗೆ ಹಾಕಿ ಅವಸರ ಮಾಡಿದರೆ ಸೊಟ್ಟಗಾಗುತ್ತದೆ. ಈಗ ಮೀಟರು, ಗಂಟೆ ಇರುವ ಯಂತ್ರ ಬಂದಿದೆ. ಅದು ಮಾಡುವುದೂ ಇದನ್ನೇ, ಮೌನವಾಗಿ.

ಬಣ್ಣದ ವಿಷಯ ಒಂದು ಹೇಳಿ ಪದ್ದಕ್ಕನಿಗೆ ಬರುತ್ತೇನೆ. ಡಬ್ಬದಲ್ಲಿ ಬರುವ ಗುಲಾಬಿ ಪುಡಿ ನಮ್ಮ ಊರಿನ ವಸಡಿಗೆ ಹೊಂದುವುದಿಲ್ಲ, ಗೊಂಬೆಯ ಹಾಗೆ ಕಾಣುತ್ತದೆ. ಸ್ವಲ್ಪ ಕಂದು ಬೆರೆಸಬೇಕು. ಬೈಂದೂರಿನಲ್ಲಿ ಹೋಟೆಲು ನಡೆಸುವ ಒಬ್ಬರಿಗೆ ಹಾಗೆ ಮಾಡಿ ಕಳಿಸಿದರೆ ಸೆಟ್ಟು ವಾಪಸು ಬಂತು. ಅವರಿಗೆ ಗುಲಾಬಿಯೇ ಬೇಕಿತ್ತು. "ಸ್ವಂತ ವಸಡಿನ ಹಾಂಗೇ ಕಂಡ್ರೆ ಹೊಸ್ತ್ ಮಾಡ್ಸಿದ್ ಜನ್ರಿಗೆ ಗೊತ್ತಾಪುದ್ ಹ್ಯಾಂಗೆ?" ಎಂದರಂತೆ. ಅದೂ ನ್ಯಾಯವೇ.

ಪದ್ದಕ್ಕ ಬಂದದ್ದು ಚಳಿ ಹೋಗಿ ಬಿಸಿಲು ಏರುವ ಹೊತ್ತಿಗೆ. ಮೇಲಿನ ಹಲ್ಲು ಒಂದೂ ಇರಲಿಲ್ಲ. ಕೆಳಗಿನವು ಮಾತ್ರ ಬೇಲಿಗೂಟದ ಹಾಗೆ ಗಟ್ಟಿ. ಡಾಕ್ಟರಮ್ಮ ಅಚ್ಚು ತೆಗೆದು, ಹಲ್ಲಿನ ಬಣ್ಣ ಆರಿಸಲು ನಮ್ಮಲ್ಲಿಗೆ ಕಳಿಸಿದ್ದರು. ಬಂದವರು ಬಣ್ಣ ನೋಡಲೇ ಇಲ್ಲ.

"ಅಮ್ಮ, ಚೆಂದಕ್ಕಲ್ಲ, ಮಾತಾಡುಕೆ ಬೇಕ್" ಎಂದರು. "ಮಾರ್ಕೆಟಗೆ ಹಸಿ ಮೀನಿನರಿಗೆ ಮಾಡ್ ಇತ್ತ್. ಒಣ ಮೀನಿನರ್ ನಾವ್ ಆಕಾಶದ ಅಡಿಗೆ. ಒಂದ್ ಮಳಿ ಬಂದ್ರೆ ವರ್ಷದ್ ದುಡಿಮೆ ಹುಳ. ಆಪೀಸಿಗೆ ಹೋಯಿದ್ದೆ, ಮಾಡ್ ಹಾಕ್ಸಿ ಕೊಡಿ ಅಂದೆ. ನನ್ನ್ ಬಾಯಂದ ಬರೀ ಗಾಳಿ ಬಂತ್. ಅಲ್ಲಿದ್ದರೆಲ್ಲ ನೆಗಾಡುಕೆ ಸುರು ಮಾಡ್ರ್. ಮಳಿಗ್ ಮೊದ್ಲ್ ಶಾಸಕರ್ ಮಾರ್ಕೆಟಿಗೆ ಬತ್ರ್ ಅಂಬ್ರ್. ಹೆಂಗ್ಸರೆಲ್ಲ ಸೇರಿ ನನ್ನನ್ನೇ ಮಾತಾಡುಕೆ ನಿಲ್ಸಿರ್. ನಾ ಬಾಯ್ ಬಿಟ್ರೆ ಅವ್ರ್ ನೆಗಾಡುಕಾಗ, ಕೇಣ್ಕ್."

ಒಣಮೀನಿಗೊಂದು ಮಾಡು, ಅಂದರೆ ಛಾವಣಿ, ಕೇಳಬೇಕಾದ ಅವರ ದನಿ ಗಾಳಿಯೇ ಆಗಿತ್ತು. ಆದರೆ ಹೆಬ್ಬೆರಳ ಉಗುರಿನಲ್ಲಿ ಉಪ್ಪು ಅಂಟಿದ ಆ ಕೈಗಳು ಮೊಣಕಾಲಿನ ಮೇಲೆ ಎಷ್ಟು ಸ್ಪಷ್ಟವಾಗಿ ಕೂತಿದ್ದವು ಎಂದರೆ, ನಾನು ಆ ದಿನ ಬೇರೆ ಯಾರ ಹಲ್ಲನ್ನೂ ಮುಟ್ಟಲಿಲ್ಲ.

ಸೆಟ್ಟು ಚೆನ್ನಾಗಿ ಬಂತು. ಸಾಸ್ತಾನದಿಂದ ಕೋಟೇಶ್ವರಕ್ಕೆ ಒಂದೇ ಉಸಿರು. ಡಾಕ್ಟರಮ್ಮ, "ರಾತ್ರಿ ತೆಗೆದು, ತೊಳೆದು, ಜಾಗ್ರತೆಯಾಗಿ ಇಡಿ" ಎಂದು ಹೇಳಿ ಕಳಿಸಿದರು. ಕೆಲವೇ ದಿನಗಳಲ್ಲಿ ಪದ್ದಕ್ಕ ನಮ್ಮ ಜಗಲಿಯಲ್ಲಿ. ಬಾಯಿ ತೆರೆದರೆ ಸೆಟ್ಟು ಗಡಗಡ ಕುಣಿಯುತ್ತಿತ್ತು. ಭಾವ ಅದನ್ನು ಕೈಗೆ ತೆಗೆದುಕೊಂಡು, ಮೂಗಿನ ಹತ್ತಿರ ತಂದು, ದೂರ ಹಿಡಿದರು.

"ಎಂತ ಮಾಡ್ದಿ ಇದಕ್ಕೆ?"

"ಎಂತ ಮಾಡುದ್? ಜಾಗ್ರತಿ ಮಾಡ್ದೆ."

"ಜಾಗ್ರತಿ ಅಂದ್ರೆ?"

"ತೊಳ್ದೆ, ಉಪ್ಪ್ ಹಚ್ದೆ, ಬಿಸ್ಲಿಗೆ ಹಾಕ್ದೆ. ಕಾಕಿ ಬಪ್ಪುದಂದೇಳಿ ಕೋಲ್ ಹಿಡ್ಕಂಡ್ ಕೂಕಂಡೆ. ಮೀನಿನ ಒಟ್ಟಿಗೇ ಒಣ್ಗಿತ್. ಹಸಿ ಇಟ್ರೆ ಕೊಳೂದಿಲ್ಯಾ?"

ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಅತ್ತೆ ನನ್ನನ್ನು ನೋಡಿ, ಯಾಕೆಂದು ಗೊತ್ತಿಲ್ಲದೆ ಅವರೂ ನಕ್ಕರು. ಆದರೆ ನಗು ಮುಗಿದ ಮೇಲೆ ಯೋಚಿಸಿ ನೋಡಿ: ಅವರದ್ದು ಏನು ತಪ್ಪು? ಅವರ ಕೈಗೆ ಬಂದ ಎಲ್ಲವೂ ಒಣಗಿದರೆ ಬದುಕುತ್ತದೆ, ಒದ್ದೆಯಾದರೆ ಸಾಯುತ್ತದೆ. ಅಕ್ರಿಲಿಕ್ಕಿನ ಗುಣ ಅದಕ್ಕೆ ತದ್ವಿರುದ್ಧ. ಅದು ಮೆಲ್ಲಗೆ ನೀರು ಕುಡಿಯುತ್ತದೆ, ಕುಡಿದು ತುಸು ಹಿಗ್ಗುತ್ತದೆ. ಗಟ್ಟಿಯಾಗುವಾಗ ಕುಗ್ಗಿದ್ದನ್ನು ಹಾಗೆ ಸ್ವಲ್ಪವಾದರೂ ತುಂಬಿಕೊಳ್ಳುತ್ತದೆ. ಬಾಯಿಯ ಅಳತೆಗೆ ಕೂರುವುದು ನೀರು ಕುಡಿದ ಸೆಟ್ಟು. ಕಾದ ತಗಡಿನ ಮೇಲೆ ದಿನ ದಿನವೂ ಒಣಗಿಸಿದರೆ ಮುರುಟಿಕೊಳ್ಳುತ್ತದೆ.

"ಇದನ್ನ ನೀರಲ್ಲೇ ಇಡಬೇಕು ಪದ್ದಕ್ಕ" ಎಂದು ಹೇಳಿ, ಹೊಸದೊಂದನ್ನು ಮಾಡಿ ಕೊಟ್ಟೆವು.

ಈ ಸಲ ಇನ್ನೂ ಬೇಗ ಬಂದರು. ಸೆಟ್ಟು ನೋಡಿ ಭಾವ ನೆಲದ ಮೇಲೆ ಕೂತುಬಿಟ್ಟರು. ಅದು ಸೊಟ್ಟಗಾಗಿರಲಿಲ್ಲ. ಹಪ್ಪಳವಾಗಿತ್ತು.

"ನೀರಗೇ ಇಟ್ಟಿದ್ದೆ" ಎಂದರು ಪದ್ದಕ್ಕ, ಆಣೆ ಮಾಡುವ ಹಾಗೆ ಕೈ ಎತ್ತಿ.

"ಯಾವ ನೀರಗೆ?"

"ಹಂಡಿ ನೀರಗೆ. ತಣ್ಣೀರಗೆ ಯಾರಾರೂ ಇಡ್ತ್ರಾ? ಮೈ ಮೀವ ನೀರೇ ಕುದಿ ಬರ್ಕ್, ಇದ್ ಬಾಯಿಗ್ ಹಾಕುದ್!"

ನಮ್ಮ ಕಡೆಯ ಬಚ್ಚಲ ಹಂಡೆಯ ನೀರು ಎಂದರೆ ಗೊತ್ತಲ್ಲ, ಚರ್ಮ ಕೆಂಪಾಗದಿದ್ದರೆ ಸ್ನಾನವಾಯಿತೆಂದು ಯಾರೂ ಒಪ್ಪುವುದಿಲ್ಲ. ಕುದಿನೀರಿಗೆ ಬಿದ್ದ ಅಕ್ರಿಲಿಕ್ ಮೆತ್ತಗಾಗಿ, ಒಳಗೆ ಕಟ್ಟಿಕೊಂಡಿದ್ದ ಬಿಗಿತವನ್ನೆಲ್ಲ ಬಿಟ್ಟು, ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ಭಾವ ನೆಲದಿಂದಲೇ, "ಶಾಲಿನಿ, ಈ ಸಲ ನೀನೇ ಹೇಳ್. ನಾ ಹೇಳಿದ್ರೆ ಮುಂದಿನ ಸಲ ಒಗ್ಗರಣಿ ಹಾಕ್ಕಂಡ್ ಬತ್ರ್" ಎಂದರು.

ನಾನು ಸೆಟ್ಟನ್ನು ಎತ್ತಿ ಪದ್ದಕ್ಕನ ಅಂಗೈಯಲ್ಲಿಟ್ಟೆ. ಆಮೇಲೆ ಹೇಳಿದೆ: "ಪದ್ದಕ್ಕ, ಇದು ಒಣಮೀನಲ್ಲ. ಜೀವ ಇರುವ ಮೀನು ಅಂತ ತಿಳ್ಕೊಳ್ಳಿ. ತಣ್ಣೀರಲ್ಲಿ ಇದ್ದರೆ ಬದುಕುತ್ತದೆ. ಬಿಸಿಲಿಗೆ ಹಾಕಿದರೆ ಸಾಯುತ್ತದೆ. ಕುದಿನೀರಿಗೆ ಹಾಕಿದರೆ ಸಾರಾಗುತ್ತದೆ."

ಪದ್ದಕ್ಕ ಹಣೆಗೆ ಹೊಡೆದುಕೊಂಡರು. "ಅಯ್ಯೋ ಮರಾಯ್ರೆ, ಹಾಂಗಂದ್ ಮೊದ್ಲೇ ಹೇಳ್ಕಲ್ದಾ!"

ಮೂರನೆಯ ಸೆಟ್ಟನ್ನು ಪದ್ದಕ್ಕನ ಕಣ್ಣೆದುರಿಗೇ ನಾನು ಸಣ್ಣ ಉರಿಯಲ್ಲಿ ಬೇಯಿಸಿದೆ. ಅಂದಿನಿಂದ ಪದ್ದಕ್ಕ ಮುಚ್ಚಳವಿರುವ ಸ್ಟೀಲ್ ಲೋಟವಿಲ್ಲದೆ ಎಲ್ಲೂ ಹೋಗಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ಮಡಿಲಲ್ಲಿ ಲೋಟ. "ಎಂತ ಪದ್ದಕ್ಕ, ಹಾಲಾ?" ಎಂದು ಕೇಳಿದವರಿಗೆ ಮುಚ್ಚಳ ತೆಗೆದು ತೋರಿಸುತ್ತಿದ್ದರಂತೆ. ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ.

ಶಾಸಕರು ಬರುವ ದಿನ ಬೆಳಿಗ್ಗೆ ಭಾವ ಬೈಂದೂರಿಗೆ ಹೋಗಿದ್ದರು. ಗೇಟಿನ ಹತ್ತಿರ ಆಟೋ ನಿಂತ ಸದ್ದು. ಪದ್ದಕ್ಕ ಇಳಿದು ಬಂದು ಲೋಟ ಚಾಚಿದರು. ನೀರಿನಲ್ಲಿ ಸೆಟ್ಟು ಎರಡು ತುಂಡು, ಸರಿಯಾಗಿ ನಡು ಸೀಳಿ. ಇವತ್ತು ಹಲ್ಲು ಹೊಳೆಯಬೇಕು ಎಂದು ತಿಕ್ಕುವಾಗ ಜಾರಿ ಒಗೆಯುವ ಕಲ್ಲಿನ ಮೇಲೆ ಬಿದ್ದಿತ್ತು. ಅಕ್ರಿಲಿಕ್ ಹಾಗೆಯೇ: ಒತ್ತಿದರೆ ತಾಳುತ್ತದೆ, ಬಿದ್ದರೆ ತಾಳುವುದಿಲ್ಲ. ಕೆಳಗೆ ಗಟ್ಟಿ ಸ್ವಂತ ಹಲ್ಲಿದ್ದು ಮೇಲೆ ಸೆಟ್ಟಿದ್ದವರಲ್ಲಂತೂ ದಿನ ದಿನವೂ ಜಗಿದು ಜಗಿದು ನಡುಗೆರೆ ಮೊದಲೇ ಬಳಲಿರುತ್ತದೆ. ಅದಕ್ಕೇ ರಶ್ಮಿಗೆ ಹೇಳುತ್ತಿರುತ್ತೇನೆ, ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಡಲು ಹೇಳಿ ಕಳಿಸು ಎಂದು.

"ಹೋಯ್ತ್ ಅಮ್ಮ" ಎಂದರು ಪದ್ದಕ್ಕ. "ಹೆಂಗ್ಸರೆಲ್ಲ ಆಗ್ಳೇ ಹೋಗಿ ಕೂಕಂಡಿದ್ರ್. ಇವತ್ತೂ ಗಾಳಿಯೇ."

"ಕೂತ್ಕೊಳ್ಳಿ. ಅಳಬೇಡಿ" ಎಂದು ಎಪ್ರನ್ ಕಟ್ಟಿಕೊಂಡೆ.

ತುಂಡುಗಳನ್ನು ಅಂಟುಮೇಣದಲ್ಲಿ ಸೇರಿಸಿ, ಹಿಂದೆ ಪ್ಲಾಸ್ಟರ್ ಹಾಕಿ, ಮುರಿದ ಅಂಚುಗಳನ್ನು ಓರೆಯಾಗಿ ತೀಡಿ, ಬೇಯಿಸದೆಯೇ ಗಟ್ಟಿಯಾಗುವ ಅಕ್ರಿಲಿಕ್ ತುಂಬಿ ಬೆಚ್ಚಗಿನ ನೀರಿಗೆ ಇಟ್ಟೆ. ಇದು ನಾವು ತುರ್ತಿಗೆ ಬಳಸುವ ಬಗೆ. ಬೇಗ ಆಗುತ್ತದೆ, ಆದರೆ ಬೇಯಿಸಿದ್ದರಷ್ಟು ಗಟ್ಟಿಯಲ್ಲ. ಅದರಲ್ಲಿ ಲಿಕ್ವಿಡ್ಡು ಪೂರ್ತಿ ಹಿಡಿದುಕೊಳ್ಳದೆ ಒಂದಿಷ್ಟು ಉಳಿದು ಬಾಯಿಗೆ ಉರಿ ಕೊಡುತ್ತದೆ. ಒಂದು ದಿನ ನೀರಲ್ಲಿಟ್ಟರೆ ಬಿಟ್ಟುಹೋಗುತ್ತದೆ. ನಮ್ಮಲ್ಲಿ ಒಂದು ದಿನ ಎಲ್ಲಿತ್ತು?

"ಉರಿಯಬಹುದು ಪದ್ದಕ್ಕ. ಸಭೆ ಮುಗಿದ ಕೂಡಲೇ ತೆಗೆದು ನೀರಿಗೆ ಹಾಕಿ. ತಿನ್ನಲು ಹೋಗಬೇಡಿ, ಮಾತಿಗೆ ಮಾತ್ರ."

"ತಿಂಬುಕೆ ಯಾರಿಗ್ ಬೇಕ್" ಎಂದು ಸೆಟ್ಟು ಹಾಕಿಕೊಂಡು, "ಸಾಸ್ತಾನ" ಎಂದರು. ಶುದ್ಧ ಸಾಸ್ತಾನ. ಅದೇ ಆಟೋದಲ್ಲಿ ನಾನೂ ಹೊರಟೆ. ಎಪ್ರನ್ ಬಿಚ್ಚಲು ಮರೆತಿದ್ದೆ ಎಂದು ಮಾರ್ಕೆಟ್ಟಿನಲ್ಲಿ ಇಳಿದ ಮೇಲೆ ಗೊತ್ತಾಯಿತು.

ಸಣ್ಣ ವೇದಿಕೆ, ಮೇಜು, ಶಾಸಕರ ಮುಂದೆ ಒಂದು ಗಾಜಿನ ಲೋಟ ನೀರು. ಪದ್ದಕ್ಕ ಮೈಕಿನ ಮುಂದೆ ನಿಂತು, "ಸ್ವಾಮಿ, ಸಾವಿರ ಸಲ ಕೇಂಡಿತ್ತ್" ಎಂದು ಶುರು ಮಾಡಿದರು. ಒಂದೊಂದು ಸಕಾರವೂ ಸೂಜಿಯ ಹಾಗೆ! ಕೆಳಗೆ ಕೂತ ನಾನು ತುಟಿಯೊಳಗೇ ಸಾಲಿಗ್ರಾಮ, ಕೋಟ ಎನ್ನುತ್ತಿದ್ದೆ. ಆದರೆ ತೆಕ್ಕಟ್ಟೆಯ ಹತ್ತಿರ ಅವರ ಕಣ್ಣಲ್ಲಿ ನೀರು ಬರಲು ಶುರುವಾಯಿತು. ಲಿಕ್ವಿಡ್ಡಿನ ಉರಿ. ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತು. ಮಿಕ್ಕವರು ಕರಗಿಹೋದರು. ಶಾಸಕರು ಕರವಸ್ತ್ರ ತೆಗೆದರು. ಪಕ್ಕದ ಹೆಂಗಸೊಬ್ಬಳು, "ಕಾಣಿ, ಪದ್ದಕ್ಕ ಹೊಟ್ಟಿ ಉರಿಯಂದ ಮಾತಾಡ್ತ್ರ್" ಎಂದಳು. ಹೊಟ್ಟೆಯಲ್ಲ ತಾಯಿ, ವಸಡು!

ಪದ್ದಕ್ಕನಿಗೆ ತಡೆಯಲಾಗಲಿಲ್ಲ. ಮಾತು ನಿಲ್ಲಿಸಿ, ಬಾಯಿಗೆ ಕೈ ಹಾಕಿ ಸೆಟ್ಟು ತೆಗೆದರು. ಸುತ್ತ ನೋಡಿದರು. ಅವರ ಸ್ಟೀಲ್ ಲೋಟ ನನ್ನ ಮಡಿಲಲ್ಲಿತ್ತು. ಒಣಗಬಾರದು ಎಂಬ ಪಾಠ ಅವರಿಗೆ ಎಷ್ಟು ಚೆನ್ನಾಗಿ ಹತ್ತಿತ್ತೆಂದರೆ, ಸೀದಾ ಶಾಸಕರ ಮುಂದಿದ್ದ ಗಾಜಿನ ಲೋಟಕ್ಕೆ ಹಾಕಿಬಿಟ್ಟರು. ಗುಳುಂ.

ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಕ್ಕಿತು. ಆಫೀಸಿನಲ್ಲಿ ನಕ್ಕ ಹಾಗೆಯೇ. ಪದ್ದಕ್ಕ ನಗು ಮುಗಿಯುವ ತನಕ ಕಾದರು. ಮತ್ತೆ ಮೈಕಿಗೆ ಬಾಯಿ ತಂದರು. ಸಕಾರವೆಲ್ಲ ಹಾರಿಹೋಗಿ ಅರ್ಧ ಗಾಳಿಯೇ ಇದ್ದ ಆ ದನಿ ಮೈಕಿನಲ್ಲಿ ಕಡಲಿನ ಹಾಗೆ ಕೇಳಿತು.

"ನೆಗಾಡಿ, ಅಡ್ಡಿಲ್ಲೆ. ಈ ಹಲ್ಲಿಗೆ ನೀರ್ ಬೇಕಂಬ್ರ್, ಬಿಸ್ಲ್ ಆಗ ಅಂಬ್ರ್. ಅದಕ್ಕೆ ಲೋಟ ಇತ್ತ್, ಮುಚ್ಚಳ ಇತ್ತ್, ಕಾಂಬುಕೆ ಡಾಕ್ಟ್ರ್ ಇದ್ರ್. ನಮ್ಮ್ ಮೀನಿಗೆ ನೀರ್ ತಾಗುಕಾಗ. ಅದಕ್ಕೆ ಎಂತ ಇತ್ತ್ ಸ್ವಾಮಿ? ಹಲ್ಲ್ ಇಲ್ದಿದ್ರೆ ನಾ ಗಂಜಿ ಉಂಡೆ. ಮೀನ್ ಹುಳ ಆದ್ರೆ ಗಂಜಿಯೂ ಇಲ್ಲೆ."

ಯಾರೂ ನಗಲಿಲ್ಲ. ಶಾಸಕರು ತಲೆಯಾಡಿಸುತ್ತಾ, ಮರೆತು, ನೀರು ಕುಡಿಯಲು ಕೈ ಚಾಚಿ ಲೋಟ ಎತ್ತಿಕೊಂಡರು. "ಹ್ವಾಯ್!" ಎಂದು ಒಣಮೀನಿನ ಹೆಂಗಸರೆಲ್ಲ ಒಟ್ಟಿಗೆ ಕೂಗಿದ ಕೂಗಿಗೆ ಕೋಡಿ ಕಡಲತಡಿಯ ಕಾಗೆಗಳೂ ಹಾರಿರಬೇಕು. ಅವರು ಲೋಟದೊಳಗೆ ನೋಡಿದರು. ಹಲ್ಲುಗಳು ಅವರನ್ನು ನೋಡಿದವು. ಮೊದಲು ನಕ್ಕವರು ಅವರೇ. ಲೋಟವನ್ನು ಎರಡೂ ಕೈಯಲ್ಲಿ ಪದ್ದಕ್ಕನಿಗೆ ಕೊಟ್ಟು, "ಮಳಿಗ್ ಮೊದ್ಲೇ ಮಾಡ್ ಹಾಕ್ಸುವ" ಎಂದು ಮೈಕಿನಲ್ಲೇ ಹೇಳಿದರು. ಮೈಕಿನಲ್ಲಿ ಹೇಳಿದ್ದನ್ನು ಹೆಂಗಸರು ಮರೆಯಗೊಡಲಿಲ್ಲ.

ಈಗ ಬಗ್ಗಿದರೂ ಮುರಿಯದ ಸೆಟ್ಟುಗಳು ಬಂದಿವೆ. ಕಂಪ್ಯೂಟರಿನಲ್ಲಿ ಬಿಡಿಸಿ ಯಂತ್ರದಲ್ಲಿ ಪದರ ಪದರವಾಗಿ ಅಚ್ಚು ಹಾಕುವುದೂ ಬಂದಿದೆ. ರಶ್ಮಿ ಅದನ್ನು ಉಡುಪಿಯಲ್ಲಿ ನೋಡಿ ಬಂದು ಕುಣಿದಳು. ಕಲಿಯಲಿ, ನನಗೂ ನೋಡುವ ಆಸೆ. ಹೊಸ ಸಾಮಾನು ಯಾವುದೇ ಬರಲಿ, ಕೇಳಬೇಕಾದ ಪ್ರಶ್ನೆಗಳು ಮಾತ್ರ ಹಳೆಯವು. ಅವನ್ನು ಕೇಳುವುದು ಹೇಗೆಂದು ನಾನು ಆ ವರ್ಷದ ಮಳೆಗೆ ಮೊದಲೇ ಕಂಡೆ.

ಮಾಡು ಹಾಕುವ ದಿನ ಪದ್ದಕ್ಕ ನನ್ನನ್ನೂ ಕರೆಸಿದ್ದರು. ಬೆಳಕು ಹಾಯುವ ಪ್ಲಾಸ್ಟಿಕ್ ಶೀಟುಗಳು ಗೋಡೆಗೆ ಒರಗಿದ್ದವು. ಕೆಲಸದವನು ಏಣಿ ಹಿಡಿದು ನಿಂತಿದ್ದ. ಪದ್ದಕ್ಕ ಅವನನ್ನು ಪಕ್ಕಕ್ಕೆ ಸರಿಸಿ, ಒಂದು ಶೀಟಿನ ಹಿಂಬದಿಗೆ ಹೋಗಿ, ಉಗುರಿನಿಂದ ತಟ್ಟಿ, ಬೆಳಕಿಗೆ ಓರೆಯಾಗಿ ನೋಡಿ, ಮೂಗಿಟ್ಟು ಮೂಸಿದರು.

"ಇದ್ ಬಿಸ್ಲಿಗೆ ಮುರುಟುದಾ?"

"ಇಲ್ಲೆ ಅಕ್ಕ."

"ನೀರ್ ಕುಡಿತಾ? ಬಿದ್ರೆ ನಡು ಸೀಳತ್ತಾ?"

"ಇಲ್ಲೆ ಅಕ್ಕ, ಇದ್ ಮಾಡಿನ ಶೀಟ್, ಬಾಯಿಗ್ ಹಾಕುದಲ್ಲ" ಎಂದು ಅವನು ನಕ್ಕ.

ಪದ್ದಕ್ಕನೂ ನಕ್ಕರು, ಮೇಲೆ ನನ್ನ ಹಲ್ಲು, ಕೆಳಗೆ ಅವರದು. ಮತ್ತೆ ನನ್ನ ಕಡೆ ತಿರುಗಿ, ನಂಬಿಕೆ ಸಾಲದವರ ಹಾಗೆ ಮೆಲ್ಲಗೆ ಹೇಳಿದರು:

"ಅಮ್ಮ, ನೀವೇ ಒಂದ್ ಮಾತ್ ಕೇಣಿ. ಸಣ್ಣ್ ಉರಿಯಗೆ ಬೇಯ್ಸಿದ್ರಾ ಅಂದೇಳಿ."